ದೇವರ ಚಿತ್ತವಾದರೆ

ಮಂಗಳೂರಿನ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಒಂದು ರಟ್ಟಿನ ಪೆಟ್ಟಿಗೆಯಿದೆ. ಅದರ ತುಂಬ ನನ್ನ ತಮ್ಮನ ಮದುವೆಯ ಆಮಂತ್ರಣ ಪತ್ರಿಕೆಗಳು. ಅಚ್ಚು ಹಾಕಿಸಿದ ಐನೂರರಲ್ಲಿ ನಾವು ಹಂಚಿದ್ದು ತೊಂಬತ್ತನ್ನೂ ದಾಟಿರಲಿಕ್ಕಿಲ್ಲ. ಮದುವೆ ನಿಶ್ಚಯವಾಗಿದ್ದುದು 2020ರ ಏಪ್ರಿಲ್ 16ಕ್ಕೆ. ಆ ವರ್ಷ ಈಸ್ಟರ್ ಏಪ್ರಿಲ್ 12ರಂದು ಬಂದಿತ್ತು. ಈಸ್ಟರಿಗೆ ಮುಂಚಿನ ಉಪವಾಸಕಾಲವಾದ ಲೆಂಟ್ ದಿನಗಳಲ್ಲಿ ಮದುವೆ ಮಾಡುವ ವಾಡಿಕೆ ನಮ್ಮಲ್ಲಿ ಇಲ್ಲದ್ದರಿಂದ ಪುನರುತ್ಥಾನದ ಭಾನುವಾರ ಕಳೆದ ಮೊದಲ ಗುರುವಾರವನ್ನು ಆರಿಸಿದ್ದೆವು. ಹಿರಿಯ ಮಗನಾದ ನನ್ನ ಹೆಗಲಿಗೆ ಏರ್ಪಾಡಿನ ಹೊಣೆ ಬಿದ್ದಿತ್ತು. ಬೆಂಗಳೂರಿನಲ್ಲಿ ನನ್ನ ಉದ್ಯೋಗವೇ ಇಂಥದ್ದು: ಯಾವ ಕೆಲಸ ಯಾವ ದಿನ ಶುರುವಾಗಬೇಕು, ಯಾವುದು ಮುಗಿಯದೆ ಯಾವುದನ್ನು ಮುಟ್ಟುವಂತಿಲ್ಲ, ಎಲ್ಲಿ ಎರಡು ದಿನ ತಡವಾದರೆ ಎಲ್ಲಿ ಹತ್ತು ದಿನದ ಪೆಟ್ಟು ಎಂದು ಮೊದಲೇ ಲೆಕ್ಕ ಹಾಕಿಡುವುದು. ಮದುವೆಗೂ ಹಾಗೆಯೇ ಒಂದು ಎಕ್ಸೆಲ್ ಹಾಳೆ ಮಾಡಿದ್ದೆ. ಹಾಲ್, ಅಡುಗೆಯವರು, ಗಾಯನ ಮಂಡಳಿಯ ಅಭ್ಯಾಸ, ದೂರದ ನೆಂಟರ ರೈಲು, ಎಲ್ಲವೂ ಅದರಲ್ಲಿದ್ದವು.

ದೇವಾಲಯದಲ್ಲಿ ಮೂರು ಭಾನುವಾರ ಓದಬೇಕಾದ ವಿವಾಹ ಪ್ರಕಟಣೆಯಲ್ಲಿ ಎರಡು ಮುಗಿದಿದ್ದವು. ಮೂರನೆಯದನ್ನು ಓದಬೇಕಾಗಿದ್ದ ಮಾರ್ಚ್ 22 ಜನತಾ ಕರ್ಫ್ಯೂವಿನ ದಿನವಾಯಿತು. ಎರಡು ದಿನ ಬಿಟ್ಟು ಇಡೀ ದೇಶಕ್ಕೆ ಬೀಗ ಬಿತ್ತು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕತೆ. ಜೂನ್ ಕೊನೆಯಲ್ಲಿ, ಸುರಿಯುವ ಮಳೆಯಲ್ಲಿ, ಮೂವತ್ತು ಜನರ ಎದುರಿಗೆ ತಮ್ಮನ ಮದುವೆ ನಡೆಯಿತು.

ಆ ಪತ್ರಿಕೆಗಳನ್ನು ಅಮ್ಮ ಎಸೆಯಲಿಲ್ಲ. ಹಿಂಬದಿ ಖಾಲಿಯಿರುವ ಒಳ್ಳೆಯ ದಪ್ಪ ಕಾಗದ. ಅದರ ಮೇಲೆ ಅವರು ಜೀನಸಿನ ಪಟ್ಟಿ, ಹಾಲಿನ ಲೆಕ್ಕ, ಬೇರೆಯವರು ಹೇಳಿದ ಮದ್ದಿನ ಹೆಸರು ಬರೆಯುತ್ತಾ ಬಂದರು. ಒಮ್ಮೆ ಊರಿಗೆ ಹೋದಾಗ ಕುಚ್ಚಲಕ್ಕಿ, ಬೆಲ್ಲ, ಸೀಮೆಎಣ್ಣೆ ಬತ್ತಿ ಎಂದು ಬರೆದಿದ್ದ ಚೀಟಿಯೊಂದನ್ನು ನನ್ನ ಕೈಗೆ ಕೊಟ್ಟು ಅಂಗಡಿಗೆ ಕಳುಹಿಸಿದರು. ದಾರಿಯಲ್ಲಿ ಸುಮ್ಮನೆ ಮಗುಚಿ ನೋಡಿದೆ. ದಿನಾಂಕದ ಸಾಲಿಗಿಂತ ಮೊದಲು, ಸಣ್ಣ ಅಕ್ಷರದಲ್ಲಿ, 'ದೇವರ ಚಿತ್ತವಾದರೆ' ಎಂದಿತ್ತು. ಆ ಪತ್ರಿಕೆಯ ಕರಡನ್ನು ನಾನು ನಾಲ್ಕು ಸಲ ತಿದ್ದಿದ್ದೆ. ಅಪ್ಪನ ಹೆಸರಿನ ಇನಿಶಿಯಲ್ ಸರಿಯಿದೆಯೇ, ಪಿನ್‌ಕೋಡ್ ಸರಿಯಿದೆಯೇ, ಸಮಯದ ಮುಂದೆ 'ಸರಿಯಾಗಿ' ಎಂದು ಇರಬೇಕೇ ಬೇಡವೇ ಎಂದೆಲ್ಲ ಯೋಚಿಸಿದ್ದೆ. ಈ ಎರಡು ಪದಗಳನ್ನು ಮಾತ್ರ ನಾನು ಓದಿರಲೇ ಇಲ್ಲ. ಅವು ಅಲ್ಲಿರುವುದು ವಾಡಿಕೆ, ಅಚ್ಚಿನ ಅಂಗಡಿಯವರ ಮಾದರಿಯಲ್ಲಿ ಅವು ಮೊದಲೇ ಇರುತ್ತವೆ. ಅಂಗಡಿಯ ಮುಂದೆ ಚೀಟಿ ಹಿಡಿದು ನಿಂತಾಗ ಎದೆಯಲ್ಲಿ ಹೊಕ್ಕ ಆ ಎರಡು ಪದಗಳು ಇನ್ನೂ ಹೊರಗೆ ಹೋಗಿಲ್ಲ.

ಅಜ್ಜನ ಹಂಚುಗಳು

ಈ ಮಾತನ್ನು ನಾನು ಮೊದಲು ಕೇಳಿದ್ದು ಅಜ್ಜನ ಬಾಯಿಂದ. ಮನೆಯಲ್ಲಿ ಅವರದು ತುಳು, ದೇವಾಲಯದಲ್ಲಿ ಕನ್ನಡ. ತುಳುವಿನಲ್ಲಿ ಮಾತಾಡುತ್ತಿದ್ದರೂ ನಾಳೆಯ ವಿಷಯ ಬಂದೊಡನೆ ಈ ಎರಡು ಪದಗಳು ಮಾತ್ರ ದೇವಾಲಯದ ಕನ್ನಡದಲ್ಲೇ ಬರುತ್ತಿದ್ದವು. ಸಂತೆಗೆ ಹೋಗುವುದಿರಲಿ, ಕ್ಷೌರಕ್ಕೆ ಹೋಗುವುದಿರಲಿ, ಮೊದಲು ಅದು, ಆಮೇಲೆ ಉಳಿದದ್ದು. ಹಾಗೆಂದು ಅವರು ಎಲ್ಲವನ್ನೂ ದೇವರ ಮೇಲೆ ಹಾಕಿ ಕುಳಿತವರಲ್ಲ. ನಾನು ಕಂಡವರಲ್ಲಿ ಅಷ್ಟು ಮುಂದಾಲೋಚನೆಯ ಮನುಷ್ಯ ಇನ್ನೊಬ್ಬರಿರಲಿಲ್ಲ.

ಅವರು ಜೆಪ್ಪುವಿನ ಕಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಜೇಡಿ ಎಷ್ಟು ಮನೆಗಳ ಅನ್ನವಾಯಿತು ಎಂಬುದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಚಿಕ್ಕವನಿದ್ದಾಗ ನಮ್ಮ ಮಾಡಿನ ಕೆಲವು ಹಂಚುಗಳ ಮೇಲೆ 1865 ಎಂಬ ಅಂಕಿಯನ್ನು ಕಂಡು, ಇಷ್ಟು ಹಳೆಯ ಹಂಚು ಇನ್ನೂ ಸೋರದೆ ಉಳಿದಿದೆಯೇ ಎಂದು ಬೆರಗಾಗಿದ್ದೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಹುಟ್ಟಿದ್ದಲ್ಲ ಎಂದು ಅಜ್ಜ ತಿಳಿಸಿಕೊಟ್ಟರು.

ಪ್ರತಿ ವರ್ಷ ಏಪ್ರಿಲ್ ಮುಗಿಯುವ ಹೊತ್ತಿಗೆ ಅವರು ಮಾಡು ಹತ್ತುತ್ತಿದ್ದರು. ಮಳೆಗಾಲಕ್ಕೆ ಮೊದಲು, ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ಒಳಗೆ ಹಂಚು ಕೈಯಾಡಿಸಿ ಮುಗಿಸಲೇಬೇಕೆಂಬುದು ಅವರ ಕಟ್ಟುನಿಟ್ಟು. ಸಾಲು ಸಾಲಾಗಿ ಹಂಚು ತೆಗೆದು, ಪಾಚಿ ಕೆರೆದು, ಪಕ್ಕಾಸು ರೀಪುಗಳಲ್ಲಿ ಗೆದ್ದಲು ಹಿಡಿದಿದೆಯೇ ನೋಡಿ, ಮತ್ತೆ ಹಾಕಬೇಕು. ನಾನು ಕೆಳಗೆ ನಿಂತು ಒಂದೊಂದನ್ನೇ ಎತ್ತಿ ಕೊಡುವವನು. ಕೈಗೆ ಬಂದ ಪ್ರತಿ ಹಂಚನ್ನೂ ಅವರು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದರು. ಕಂಚಿನ ಹಾಗೆ ಟಣ್ಣೆಂದರೆ ಮಾಡಿಗೆ. ಮಡಕೆ ಬಿರುಕು ಬಿಟ್ಟಂತೆ ಬೊದ್ದು ಸದ್ದು ಬಂದರೆ ಪಕ್ಕಕ್ಕೆ. ಕಣ್ಣಿಗೆ ಕಾಣದ ಸೀಳನ್ನು ಆ ಸದ್ದು ಹೇಳುತ್ತಿತ್ತು. ಅವರ ಬಲಗೈಯ ಮಧ್ಯದ ಬೆರಳಿನ ಗೆಣ್ಣು ಹೀಗೆ ತಟ್ಟಿ ತಟ್ಟಿ ಉಳಿದವಕ್ಕಿಂತ ದಪ್ಪವಾಗಿ, ಬೆಳ್ಳಗೆ ಗಟ್ಟಿಯಾಗಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಲಾರಿಯೊಂದು ಬಂದು ಹಿತ್ತಿಲಿನ ಬಾವಿಕಟ್ಟೆಯ ಪಕ್ಕ ಮುನ್ನೂರು ಹಂಚು ಇಳಿಸಿ ಹೋಯಿತು. ಕಾಂಕ್ರೀಟ್ ತಾರಸಿಗಳು ಏಳುತ್ತಿದ್ದ ಕಾಲ. ಒಂದರ ಹಿಂದೆ ಒಂದರಂತೆ ಕಾರ್ಖಾನೆಗಳ ಚಿಮಣಿ ತಣ್ಣಗಾಗುತ್ತಿತ್ತು. ನಮ್ಮ ಮಾಡಿಗೆ ಹೊಂದುವ ಅಚ್ಚಿನ ಹಂಚು ಇನ್ನು ಹತ್ತು ವರ್ಷಕ್ಕೆ ಸಿಗಲಿಕ್ಕಿಲ್ಲ ಎಂದು ಅಜ್ಜನಿಗೆ ಗೊತ್ತಿತ್ತು. ಆಗ ಅವರಿಗೆ ಎಪ್ಪತ್ತೊಂಬತ್ತು. 'ಇಷ್ಟೊಂದು ಯಾಕೆ ಅಜ್ಜ?' ಎಂದು ಕೇಳಿದೆ. ವರ್ಷಕ್ಕೆ ಹೆಚ್ಚೆಂದರೆ ಹತ್ತು ಹನ್ನೆರಡು ಒಡೆಯುತ್ತವೆ, ಇಪ್ಪತ್ತೈದು ವರ್ಷಕ್ಕೆ ಸಾಕು ಎಂದರು. 'ಆಮೇಲಿನದು ನೀನು ನೋಡಿಕೋ, ದೇವರ ಚಿತ್ತವಾದರೆ' ಎಂದು ಸೇರಿಸಿದರು. ಅವರು ಆ ಲೆಕ್ಕದಲ್ಲಿ ತಮ್ಮನ್ನು ಸೇರಿಸಿಕೊಂಡಿರಲಿಲ್ಲ, ಅದು ಅವರಿಗೆ ಒಂದು ಕೊರತೆಯಾಗಿಯೂ ಕಂಡಿರಲಿಲ್ಲ. ಈ ನೋಟವನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಯೋಜನೆ ಬೇರೆ, ನಾಳೆಯ ಮೇಲೆ ಹಕ್ಕು ಚಲಾಯಿಸುವುದು ಬೇರೆ ಎಂಬುದು ಅವರ ಬದುಕಿನಲ್ಲಿ ಎಷ್ಟು ಸಹಜವಾಗಿತ್ತೆಂದರೆ, ಅದನ್ನು ಮಾತಿನಲ್ಲಿ ಹೇಳುವ ಅಗತ್ಯವೇ ಅವರಿಗೆ ಬಿದ್ದಿರಲಿಲ್ಲ.

ಯಾಕೋಬ ಬೈದದ್ದು ಯಾರನ್ನು?

'ದೇವರ ಚಿತ್ತವಾದರೆ' ಎಂಬ ವಾಡಿಕೆ ಬಂದಿರುವುದು ಬೈಬಲಿನ ಯಾಕೋಬನ ಪತ್ರಿಕೆಯ ನಾಲ್ಕನೆಯ ಅಧ್ಯಾಯದಿಂದ. ಇವತ್ತೋ ನಾಳೆಯೋ ಇಂಥ ಪಟ್ಟಣಕ್ಕೆ ಹೋಗಿ, ಅಲ್ಲಿ ಒಂದು ವರ್ಷವಿದ್ದು, ವ್ಯಾಪಾರಮಾಡಿ ಲಾಭ ಗಳಿಸುತ್ತೇವೆ ಎನ್ನುವವರನ್ನು ನಿಲ್ಲಿಸಿ, ನಾಳೆ ಏನಾಗುವುದೋ ನಿಮಗೆ ತಿಳಿಯದು, ನೀವು ಸ್ವಲ್ಪ ಹೊತ್ತು ಕಾಣಿಸಿ ಇಲ್ಲವಾಗುವ ಹಬೆ ಎಂದು ಅವನು ಎಚ್ಚರಿಸುತ್ತಾನೆ. ನಮ್ಮ ದೇವಾಲಯಗಳ ಎಷ್ಟೋ ಪ್ರಸಂಗಗಳಲ್ಲಿ, ಅಂದರೆ ಉಪದೇಶಗಳಲ್ಲಿ, ಈ ಭಾಗವನ್ನು ಯೋಜನೆಯ ವಿರುದ್ಧ ತಿರುಗಿಸುವುದನ್ನು ಕೇಳಿದ್ದೇನೆ: ವಿಮೆ ಯಾಕೆ, ಉಳಿತಾಯ ಯಾಕೆ, ನಂಬಿಕೆ ಸಾಲದೇ ಎಂಬ ಧಾಟಿ. ಆದರೆ ನಿಧಾನವಾಗಿ ಓದಿದರೆ ಯಾಕೋಬ ವ್ಯಾಪಾರವನ್ನು ಬೈಯುವುದಿಲ್ಲ, ಪ್ರಯಾಣವನ್ನೂ ಬೈಯುವುದಿಲ್ಲ. ಅವನು ಕಲಿಸುವ ಬದಲಿ ಮಾತಿನಲ್ಲೂ ಕೆಲಸ ಉಳಿದೇ ಇದೆ: ಕರ್ತನ ಚಿತ್ತವಾದರೆ ನಾವು ಬದುಕಿ, ಇದನ್ನೋ ಅದನ್ನೋ ಮಾಡುತ್ತೇವೆ. 'ಮಾಡುತ್ತೇವೆ' ಎಂಬ ಕ್ರಿಯಾಪದ ಎಲ್ಲಿಯೂ ಹೋಗಿಲ್ಲ. ಅದಕ್ಕಿಂತ ಮೊದಲು 'ಬದುಕಿ' ಎಂಬುದು ಬಂದು ನಿಂತಿದೆ ಅಷ್ಟೆ. ವ್ಯಾಪಾರಿಗಳು ಬದುಕಿರುವುದನ್ನು ತಮ್ಮ ಲೆಕ್ಕದ ಆಚೆಗಿನ ಸ್ವಂತ ಬಂಡವಾಳವೆಂದುಕೊಂಡಿದ್ದರು. ಅವನು ತಿದ್ದುವುದು ಅದನ್ನು.

ಯೇಸುಸ್ವಾಮಿಯ ಮಾತುಗಳಲ್ಲಿಯೂ ಹೀಗೆಯೇ. ನಾಳೆಯ ವಿಷಯವಾಗಿ ಚಿಂತಿಸಬೇಡಿರಿ ಎಂದವರೇ, ಬುರುಜು ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚು ಲೆಕ್ಕಹಾಕುವುದಿಲ್ಲವೇ ಎಂದೂ ಕೇಳಿದರು. ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದ ಐಶ್ವರ್ಯವಂತ ದೊಡ್ಡ ಕಣಜ ಕಟ್ಟಿಸಲು ಹೊರಟದ್ದಕ್ಕೆ ಬುದ್ಧಿಹೀನನೆನಿಸಿದನೆಂದು ನಾನು ಬಹಳ ಕಾಲ ತಿಳಿದಿದ್ದೆ. ಕಣಜ ಕಟ್ಟಿಸಿದವರು ಬೈಬಲಿನಲ್ಲಿ ಬೇರೆಯೂ ಇದ್ದಾರೆ. ಯೋಸೇಫ ಏಳು ವರ್ಷ ಧಾನ್ಯ ಕೂಡಿಟ್ಟು ಐಗುಪ್ತವನ್ನೂ ತನ್ನ ಮನೆಯವರನ್ನೂ ಬರದಿಂದ ಉಳಿಸಿದ. ಇಬ್ಬರಿಗೂ ಇರುವ ವ್ಯತ್ಯಾಸ ಅವರ ಮಾತಿನಲ್ಲಿದೆ. ಐಶ್ವರ್ಯವಂತ ಮಾತಾಡುವುದು ತನ್ನೊಡನೆ ಮಾತ್ರ: ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ಕೊನೆಗೆ ನನ್ನ ಜೀವ. ಅವನ 'ಅನೇಕ ವರ್ಷ'ಗಳಲ್ಲಿ ಅವನೊಬ್ಬನನ್ನು ಬಿಟ್ಟು ಇನ್ನಾರೂ ಇಲ್ಲ. ಯೋಸೇಫನ ಏಳು ವರ್ಷದಲ್ಲಿ ಹಸಿದ ಜನವೆಲ್ಲ ಇದೆ. ನನ್ನ ಎಕ್ಸೆಲ್ ಹಾಳೆಗಳನ್ನು ಈ ಅಳತೆಗೋಲಿನಿಂದ ನೋಡಿದಾಗ ನನಗೆ ಸಮಾಧಾನವಾಗುವುದಿಲ್ಲ. ಅವುಗಳಲ್ಲಿ ಮಂದಿ ಇದ್ದಾರೆ, ಆದರೆ ತಡಮಾಡುವ ಕಾರಣಗಳಾಗಿ ಇದ್ದಾರೆ.

ಸರಿ ಹೇಳಿದ ಮಾತು, ತಪ್ಪಿದ ಜಾಗ

ಇಲ್ಲಿ ಒಂದು ತಪ್ಪೊಪ್ಪಿಗೆ ಹೇಳದೆ ಮುಂದೆ ಹೋಗಲಾರೆ. 2021ರ ಮೇ ತಿಂಗಳಲ್ಲಿ ನಮ್ಮ ಬಳಗದ ಒಬ್ಬರು ಚಿಕ್ಕಪ್ಪ ತೀರಿಕೊಂಡರು. ಐವತ್ತು ದಾಟದ ಮನುಷ್ಯ. ಮಣ್ಣಿಗೆ ಹೋಗುವ ಹಾಗೂ ಇರಲಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಏನು ಹೇಳುವುದೆಂದು ತಿಳಿಯದೆ, 'ಎಲ್ಲ ದೇವರ ಚಿತ್ತ ಚಿಕ್ಕಮ್ಮ' ಎಂದುಬಿಟ್ಟೆ. ಅವರು ಅಳುವುದನ್ನು ನಿಲ್ಲಿಸಿದರು. ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ, 'ಊಟ ಆಯಿತಾ ಮಗಾ?' ಎಂದು ಕೇಳಿ ಫೋನಿಟ್ಟರು. ನಾನು ಅವರಿಗೆ ಅಳಲು ಇದ್ದ ಜಾಗವನ್ನೂ ಕಿತ್ತುಕೊಂಡೆನೆಂದು ಆ ಕ್ಷಣಕ್ಕೇ ಗೊತ್ತಾಯಿತು.

ಅಜ್ಜ ಹೇಳುತ್ತಿದ್ದುದಕ್ಕೂ ನಾನು ಹೇಳಿದ್ದಕ್ಕೂ ಎಲ್ಲಿ ಅಂತರ ಎಂದು ಆಮೇಲೆ ತುಂಬ ಯೋಚಿಸಿದೆ. ಅಜ್ಜ ಆ ಮಾತನ್ನು ಯಾವಾಗಲೂ ಭವಿಷ್ಯತ್ಕಾಲದಲ್ಲಿ, ತಮ್ಮ ಕೆಲಸಕ್ಕೆ ಸೇರಿಸಿ ಹೇಳಿದರು. ಯಾಕೋಬನೂ ಅದನ್ನು ನಾಳೆಗೆಂದೇ ಕೊಟ್ಟ. ನಾನು ಅದನ್ನು ಭೂತಕಾಲಕ್ಕೆ ತಿರುಗಿಸಿ ಇನ್ನೊಬ್ಬರ ಗಾಯದ ಮೇಲೆ ಇಟ್ಟೆ. ನನ್ನ ನಾಳೆಯ ಮುಂದೆ ಇಟ್ಟಾಗ ಅದು ನನ್ನನ್ನು ತಗ್ಗಿಸುತ್ತದೆ, ಬೇರೆಯವರ ನಿನ್ನೆಯ ಮೇಲೆ ಇಟ್ಟಾಗ ದೇವರ ಲೆಕ್ಕ ನನಗೆ ಗೊತ್ತಿದೆ ಎಂದು ಹೇಳಿದಂತಾಗುತ್ತದೆ. ಅಂಥ ಹೊತ್ತಿಗೆ ಬೈಬಲ್ ಬೇರೆಯೇ ಮಾತುಗಳನ್ನು ಇಟ್ಟಿದೆ. ಹದಿಮೂರನೆಯ ಕೀರ್ತನೆ ಶುರುವಾಗುವುದೇ 'ಎಷ್ಟರ ವರೆಗೆ' ಎಂದು; ಎರಡೇ ವಚನಗಳಲ್ಲಿ ನಾಲ್ಕು ಸಲ ಅದೇ ಪ್ರಶ್ನೆ. ನಂಬಿಕೆಯುಳ್ಳವನು ದೇವರ ಎದುರಿಗೆ ಕಾಲದ ಬಗ್ಗೆ ಕೇಳಬಹುದಾದ ಪ್ರಾಮಾಣಿಕವಾದ ಪ್ರಶ್ನೆ ಅದು, ಅದಕ್ಕೆ ಉತ್ತರ ಕೀರ್ತನೆಯಲ್ಲಿ ತಾರೀಕಾಗಿ ಬರುವುದಿಲ್ಲ. ತೊಂಬತ್ತನೆಯ ಕೀರ್ತನೆಯೂ, ಮೋಶೆಯ ಪ್ರಾರ್ಥನೆಯೆಂದು ನಾವು ಸಾವಿನ ಮನೆಗಳಲ್ಲಿ ಓದುವುದು, ನಮ್ಮ ದಿನಗಳನ್ನು ಎಣಿಸಲು ಕಲಿಸು ಎಂದು ಬೇಡಿದ ಮರುಕ್ಷಣವೇ 'ಎಷ್ಟರ ವರೆಗೆ' ಎಂದು ಮೊರೆಯಿಡುತ್ತದೆ. ಎಣಿಕೆಯೂ ಮೊರೆಯೂ ಒಂದೇ ಉಸಿರಿನಲ್ಲಿ. ಆ ದಿನ ನಾನು ಚಿಕ್ಕಮ್ಮನೊಡನೆ ಆ ಕೀರ್ತನೆಯನ್ನಾದರೂ ಓದಬಹುದಿತ್ತು. ಸುಮ್ಮನೆ ಫೋನ್ ಹಿಡಿದು ಕೂರಬಹುದಿತ್ತು.

ಮಣ್ಣಿನ ಗಡಿಗೆಯಲ್ಲಿ ಕ್ರಯಪತ್ರ

ಯೋಜನೆಯ ಬಗ್ಗೆ ಬೈಬಲಿನಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾಗಿರುವುದು ಒಂದು ಜಮೀನು ನೋಂದಣಿಯ ಕತೆ. ಕ್ರಿ.ಪೂ. 587ರ ಸುಮಾರು. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುತ್ತುವರಿದಿದೆ. ಪಟ್ಟಣ ಬೀಳುವುದು ಖಂಡಿತವೆಂದು ವರ್ಷಗಟ್ಟಲೆ ಸಾರಿದ್ದಕ್ಕೆ ಪ್ರವಾದಿ ಯೆರೆಮೀಯ ಅರಮನೆಯ ಕಾರಾಗೃಹದ ಅಂಗಳದಲ್ಲಿ ಸೆರೆಯಲ್ಲಿದ್ದಾನೆ. ಅಂಥ ಹೊತ್ತಿಗೆ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ಹೊಲವನ್ನು ಕೊಂಡುಕೋ, ಅದನ್ನು ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಶತ್ರುಗಳ ಕಾಲಡಿಯಲ್ಲಿರುವ ನೆಲ. ಅದಕ್ಕೆ ಬೆಲೆಯೇ ಇಲ್ಲ. ಯೆರೆಮೀಯ ಹದಿನೇಳು ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಸಾಕ್ಷಿಗಳು ರುಜು ಹಾಕುತ್ತಾರೆ. ಮುದ್ರೆ ಹಾಕಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ತನ್ನ ಲಿಪಿಕಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಇವನ್ನು ಮಣ್ಣಿನ ಗಡಿಗೆಯಲ್ಲಿಡು ಎನ್ನುತ್ತಾನೆ. ಈ ದೇಶದಲ್ಲಿ ಜನ ಮತ್ತೆ ಮನೆ, ಹೊಲ, ದ್ರಾಕ್ಷೆತೋಟ ಕೊಳ್ಳುವ ಕಾಲ ಬರುತ್ತದೆ ಎಂಬುದಷ್ಟೇ ಅವನಿಗೆ ಸಿಕ್ಕಿದ್ದ ಭರವಸೆ.

ಪ್ರವಾದನೆ ಸಾರುವವನು ತಕ್ಕಡಿ ಹಿಡಿದು ಬೆಳ್ಳಿ ತೂಗುವ ಆ ದೃಶ್ಯವನ್ನು ನಾನು ತುಂಬ ಪ್ರೀತಿಸುತ್ತೇನೆ. ದೇವರ ಭವಿಷ್ಯದ ಮೇಲೆ ನಂಬಿಕೆಯಿಟ್ಟವನ ಕಾಗದಪತ್ರ ಇಷ್ಟು ಚೊಕ್ಕವಾಗಿರುತ್ತದೆ. ಯೆರೆಮೀಯ ಆ ಹೊಲವನ್ನು ಉಳಲಿಲ್ಲ. ಪಟ್ಟಣ ಬಿತ್ತು, ಕೊನೆಗೆ ಜನ ಅವನನ್ನೂ ಐಗುಪ್ತಕ್ಕೆ ಕರೆದೊಯ್ದರು. ಆ ಗಡಿಗೆಯನ್ನು ಯಾರಾದರೂ ತೆರೆದರೇ ಎಂಬುದನ್ನು ಬೈಬಲ್ ಹೇಳುವುದೇ ಇಲ್ಲ.

ನಮ್ಮೂರಿನಲ್ಲಿಯೂ ಅಂಥ ಗಡಿಗೆಗಳಿವೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರತಂದರು. ಕಿಟೆಲ್ 1853ರಲ್ಲಿ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ, ನಡುವೆ ನಲವತ್ತೊಂದು ವರ್ಷ. ಅವರನ್ನು ಕಳುಹಿಸಿದವರ ಮನಸ್ಸಿನಲ್ಲಿದ್ದ ಯೋಜನೆ ಸುವಾರ್ತೆಯದು. ಉಳಿದುಬಂದದ್ದರಲ್ಲಿ ಹೆಚ್ಚಿನದು ಕನ್ನಡದ ಪದಗಳು, ಮತ್ತು ಇವತ್ತು ಯಾವ ಧರ್ಮದ ಓದುಗನೂ ಅವನ್ನು ತೆರೆದು ನೋಡುತ್ತಾನೆ. 1914ರಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಾಗ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಎಂಬತ್ತು ವರ್ಷ ಕಟ್ಟಿದ್ದು ಹೀಗೆ ಬೇರೆಯವರ ಕೈಗೆ ಹೋಯಿತು. ಹಂಚುಗಳು ಮಾತ್ರ ಮಳೆ ತಡೆಯುತ್ತಲೇ ಇದ್ದವು.

ನಿತ್ಯ

ನಿತ್ಯತೆಯ ನಿರೀಕ್ಷೆಯುಳ್ಳವರು ಈ ಲೋಕದ ದಿನಗಳನ್ನು ಹಗುರವಾಗಿ ಕಾಣುತ್ತಾರೆ ಎಂಬ ಆಕ್ಷೇಪ ಹಳೆಯದು. ನಮ್ಮ ಕೆಲವು ಹಾಡುಗಳು, ಕೆಲವು ಪ್ರಸಂಗಗಳು ಅದಕ್ಕೆ ಎಡೆಮಾಡಿವೆ ಎಂಬುದನ್ನೂ ಒಪ್ಪಬೇಕು. ನಿತ್ಯತೆಯೆಂದರೆ ಮುಗಿಯದಷ್ಟು ಉದ್ದದ ಕಾಲ, ಈಗಿನದು ಅದರ ಮುಂದೆ ಒಂದು ತೊಟ್ಟು ಎಂದು ಚಿತ್ರಿಸಿಕೊಂಡರೆ ಇವತ್ತಿನ ಬೆಲೆ ಕುಸಿಯದೆ ಇನ್ನೇನಾಗುತ್ತದೆ? ಆದರೆ ಹಿಪ್ಪೋದ ಅಗಸ್ತೀನರು, ಕಾಲವೂ ಸೃಷ್ಟಿಯ ಜೊತೆಗೇ ಸೃಷ್ಟಿಯಾದದ್ದು, ದೇವರಿಗೆ ಅದರೊಳಗೆ ಮೊದಲು-ಆಮೇಲೆ ಎಂಬುದಿಲ್ಲ ಎಂದು ಐದನೆಯ ಶತಮಾನ ಹುಟ್ಟುವ ಹೊತ್ತಿಗೇ ಬರೆದಿದ್ದರು. ಹಾಗಾದರೆ ನಿತ್ಯತೆ ನನ್ನ ಕ್ಯಾಲೆಂಡರಿನ ಕೊನೆಯ ಹಾಳೆಯ ಆಚೆಗೆ ಶುರುವಾಗುವ ಇನ್ನೊಂದು ಕ್ಯಾಲೆಂಡರಲ್ಲ. ಯೋಹಾನನ ಸುವಾರ್ತೆಯ ಹದಿನೇಳನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ನಿತ್ಯಜೀವವೆಂದರೇನೆಂದು ಹೇಳುವಾಗ ವರ್ಷಗಳ ಮಾತೇ ಎತ್ತುವುದಿಲ್ಲ. ತಂದೆಯನ್ನೂ ಅವನು ಕಳುಹಿಸಿದವನನ್ನೂ ತಿಳಿಯುವುದೇ ನಿತ್ಯಜೀವ ಎನ್ನುತ್ತಾರೆ. ತಿಳಿಯುವುದು ಇವತ್ತೇ ಶುರುವಾಗಬಹುದಾದ ಕೆಲಸ.

ಇದನ್ನು ಯೋಚಿಸುವಾಗಲೆಲ್ಲ ನಮ್ಮ ಭಾಷೆಗೆ ಕೃತಜ್ಞನಾಗುತ್ತೇನೆ. 'ನಿತ್ಯ' ಎಂದರೆ ಎಂದೆಂದಿಗೂ ಇರುವುದು. 'ನಿತ್ಯ' ಎಂದರೆ ದಿನಾಲೂ. ದೇವಾಲಯದಲ್ಲಿ ನಿತ್ಯಜೀವವನ್ನು ನಂಬುತ್ತೇನೆಂದು ಅರಿಕೆ ಮಾಡಿ ಬಂದ ಬಾಯಲ್ಲೇ ಹಾಲಿನವನಿಗೆ ನಿತ್ಯ ಒಂದು ಲೀಟರ್ ಹಾಕೆಂದು ಹೇಳುತ್ತೇವೆ, ಪದ ಬದಲಾಗುವುದಿಲ್ಲ. ಕರ್ತನ ಪ್ರಾರ್ಥನೆಯೂ ಹಾಗೆಯೇ. ನಿನ್ನ ರಾಜ್ಯ ಬರಲಿ ಎಂದ ಒಂದೇ ಉಸಿರಿನ ನಂತರ ಅನುದಿನದ ಆಹಾರಕ್ಕೆ ಕೈಚಾಚುತ್ತದೆ, ಅದೂ ಈ ಹೊತ್ತಿನದಕ್ಕೆ ಮಾತ್ರ. ಅಮ್ಮ ಮದುವೆ ಪತ್ರಿಕೆಯ ಒಂದು ಬದಿಗೆ ಕುಚ್ಚಲಕ್ಕಿ ಬೆಲ್ಲ ಬರೆದದ್ದು, ಇನ್ನೊಂದು ಬದಿಗೆ ದೇವರ ಚಿತ್ತ ಇದ್ದದ್ದು ನನಗೆ ಅಂದು ಹಾಗೆ ತಟ್ಟಿದ್ದು ಇದಕ್ಕೇ ಇರಬೇಕು.

ಅಜ್ಜ ಹೋದದ್ದು ಒಂದು ಮಾರ್ಚ್ ತಿಂಗಳಲ್ಲಿ, ಹಂಚು ತರಿಸಿದ ಎರಡನೆಯ ವರ್ಷ. ಅವರ ಬಿಸ್ಕತ್ತಿನ ಡಬ್ಬಿಯಲ್ಲಿ ಸಭಾ ವಂತಿಗೆಯ ರಸೀದಿಗಳು ದಾರದಿಂದ ಕಟ್ಟಿದ್ದವು. ಮೇಲಿನದು ಆ ವರ್ಷದ ಡಿಸೆಂಬರಿನವರೆಗಿನದು, ಜನವರಿಯಲ್ಲೇ ಪೂರ್ತಿ ಕಟ್ಟಿದ್ದರು. ಮಣ್ಣಾದ ಮೇಲೆ ಖಜಾಂಚಿಯವರು, ಉಳಿದ ಒಂಬತ್ತು ತಿಂಗಳದನ್ನು ಏನು ಮಾಡಲಿ ಎಂದು ಅಮ್ಮನನ್ನು ಸಂಕೋಚದಿಂದ ಕೇಳಿದರು. ಅದು ಅವರದೇ ತಿಂಗಳುಗಳು, ಇರಲಿ ಎಂದರು ಅಮ್ಮ.

ಕಳೆದ ಏಪ್ರಿಲ್‌ನಲ್ಲಿ ರಜೆ ಹಾಕಿ ಊರಿಗೆ ಹೋಗಿ ನಾನೇ ಮಾಡು ಹತ್ತಿದೆ. ಕೆಳಗಿನಿಂದ ನನ್ನ ಮಗಳು ಹಂಚು ಎತ್ತಿ ಕೊಟ್ಟಳು. ಬಾವಿಕಟ್ಟೆಯ ಪಕ್ಕದ ಸಾಲಿನಲ್ಲಿ ಇನ್ನು ಉಳಿದಿರುವುದು ಹದಿನಾಲ್ಕು. ಕೈಗೆ ಬಂದ ಒಂದೊಂದನ್ನೂ ತಟ್ಟಿ ಕೇಳುತ್ತಿದ್ದೆ. ನನ್ನ ಬೆರಳಿಗೆ ಆ ವ್ಯತ್ಯಾಸ ಇನ್ನೂ ಸರಿಯಾಗಿ ಕೂತಿಲ್ಲ, ಅನುಮಾನ ಬಂದಾಗ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದ ಅಮ್ಮನ ಕಡೆ ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ, 'ಅದು ಬೇಡ' ಅಥವಾ 'ಅದು ಆದೀತು' ಎನ್ನುತ್ತಿದ್ದರು. ಮೂಲ್ಕಿಯ ಹತ್ತಿರ ಯಾರೋ ಹಳೆಯ ಮನೆ ಬಿಚ್ಚುತ್ತಿದ್ದಾರಂತೆ, ನಮ್ಮ ಅಚ್ಚಿನದೇ ಹಂಚಂತೆ. ಮಗಳು ಹತ್ತನೆಯ ಕ್ಲಾಸಿನ ಪರೀಕ್ಷೆ ಮುಗಿಸುವುದರೊಳಗೆ ಹೋಗಿ ನೋಡಿ ಬರಬೇಕು. ಇನ್ನೂರೈವತ್ತಾದರೂ ಬೇಕಾಗುತ್ತದೆ.